ವಾರನ್‌ಪಾಯಿಂಟಿಗೆ ಹೊರಟ ರೈಲು

ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಪ್ರಯಾಣಕ್ಕೆ ನಮ್ಮ ಹಿರಿಯರಲ್ಲಿ ಬೇರೆ ಹೆಸರೇ ಇರಲಿಲ್ಲ. ಜಾತ್ರೆಗೆ ಹೋಗುತ್ತಿದ್ದರು, ಸಂತೆಗೆ ಹೋಗುತ್ತಿದ್ದರು, ಹರಕೆ ಸಲ್ಲಿಸಲು ಹೋಗುತ್ತಿದ್ದರು. ಸುಮ್ಮನೆ ಹೋಗಿ ನೋಡಿ ಬರುವುದಕ್ಕೆಂದು ಹೊರಟವರು ಕಡಮೆ. ಆ ಬಗೆಯ ಸಂಚಾರವನ್ನು ಸಾಮಾನ್ಯ ಜನಕ್ಕೆ ಕಲಿಸಿದ್ದು ರೈಲು. ನಾನು ಚಿಕ್ಕವನಾಗಿದ್ದಾಗ ಮೈಸೂರಿನ ಶಾಲೆಯಿಂದ ನಮ್ಮನ್ನು ಒಂದು ದಿನ ಹೊಗೆ ಉಗುಳುವ ಆ ಬಂಡಿಯಲ್ಲಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗಿದ್ದರು. ದೂರ ಒಂಬತ್ತೇ ಮೈಲಿ. ಅರಮನೆಯಾಗಲಿ ಕೋಟೆಯಾಗಲಿ ಈಗ ಅಷ್ಟಾಗಿ ನೆನಪಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿದಾಗ ಕಣ್ಣಿಗೆ ಬಿದ್ದ ಕಲ್ಲಿದ್ದಲ ಕಣ ನೆನಪಿದೆ, ಹತ್ತುವಾಗ ಒಮ್ಮೆ ಇಳಿಯುವಾಗ ಒಮ್ಮೆ ಮೇಷ್ಟ್ರು ನಮ್ಮ ತಲೆಗಳನ್ನು ಎಣಿಸಿದ್ದು ನೆನಪಿದೆ. ಆ ಎಣಿಕೆ ಅಂದು ನಮಗೆ ತಮಾಷೆಯಾಗಿ ತೋರಿತ್ತು.

ಈಗ ಹೇಳಹೊರಟಿರುವುದು ಅಂಥದೇ ಇನ್ನೊಂದು ಪ್ರವಾಸದ ಕಥೆ. ಅದು ನಡೆದದ್ದು ಐರ್ಲೆಂಡಿನಲ್ಲಿ, 1889ನೆಯ ಇಸವಿಯಲ್ಲಿ. ಆ ಒಂದು ದಿನ ಬೆಳಗ್ಗೆ ಹತ್ತು ಗಂಟೆಯಿಂದ ಹನ್ನೊಂದರ ಒಳಗೆ ಆದ ಸಂಗತಿಯಿಂದ ಬ್ರಿಟನ್ನಿನ ರೈಲುಗಳ ಕಾನೂನು ಬದಲಾಯಿತು. ನಾವು ರೈಲಿನಲ್ಲಿ ಕುಳಿತು ತೂಕಡಿಸುವಾಗ ನಮ್ಮನ್ನು ಕಾಯುತ್ತಿರುವ ಒಂದೆರಡು ಏರ್ಪಾಡುಗಳಿಗೂ ಆ ಮುಂಜಾವಿಗೂ ನಂಟುಂಟು.

ಮೊದಲು ಈ ವಿಹಾರದ ರೈಲುಗಳ ಹುಟ್ಟನ್ನು ಕುರಿತು ಎರಡು ಮಾತು. ಇಂಗ್ಲೆಂಡಿನಲ್ಲಿ ಥಾಮಸ್ ಕುಕ್ ಎಂಬ ಮರಗೆಲಸದವನಿದ್ದ. ಬ್ಯಾಪ್ಟಿಸ್ಟ್ ಪಂಥದವನು, ಪಾನನಿರೋಧದ ಪ್ರಚಾರಕ. 1841ನೆಯ ಇಸವಿ ಜುಲೈ 5ನೆಯ ತಾರೀಖು ಅವನು ಲೆಸ್ಟರ್ ನಗರದಿಂದ ಲಫ್‌ಬರೊ ಎಂಬ ಊರಿಗೆ, ಸುಮಾರು ಹನ್ನೊಂದು ಮೈಲಿ ದೂರ, ಒಂದು ರೈಲನ್ನು ಗೊತ್ತುಮಾಡಿದ. ಹೋಗಿ ಬರುವುದಕ್ಕೆ ತಲೆಗೆ ಒಂದು ಷಿಲ್ಲಿಂಗು. ಸುಮಾರು ಐನೂರು ಮಂದಿ ಮೇಲೆ ಚಾವಣಿಯಿಲ್ಲದ ಗಾಡಿಗಳಲ್ಲಿ ಕುಳಿತು ಹೋಗಿ, ಮದ್ಯದ ಕೇಡನ್ನು ಕುರಿತ ಭಾಷಣಗಳನ್ನು ಕೇಳಿ, ಚಹಾ ಕುಡಿದು, ಸಂಜೆಗೆ ಮರಳಿದರು. ಇಂಥ ಪ್ರಯಾಣ ಕುಕ್‌ನಿಗಿಂತ ಮೊದಲೂ ಅಲ್ಲಿ ಇಲ್ಲಿ ನಡೆದಿದ್ದುಂಟು. ಆದರೆ ಅದನ್ನೇ ಕಸುಬಾಗಿ ಮಾಡಿ ಬೆಳೆಸಿದವನು ಅವನು. 1851ರಲ್ಲಿ ಲಂಡನ್ನಿನಲ್ಲಿ ಮಹಾಪ್ರದರ್ಶನ ನಡೆದಾಗ ಒಂದೂವರೆ ಲಕ್ಷದಷ್ಟು ಜನರನ್ನು ಅವನು ಅಲ್ಲಿಗೆ ಮುಟ್ಟಿಸಿದ. ಹುಟ್ಟಿದ ಊರಿನ ಎಲ್ಲೆಯನ್ನೇ ದಾಟದಿದ್ದವರು ರಾಜಧಾನಿಯನ್ನು ಕಂಡುಬಂದರು.

ರೈಲ್ವೆ ಕಂಪೆನಿಗಳಿಗೆ ಇದರಿಂದ ಲಾಭವೇ ಆಯಿತು. ಸುಮ್ಮನೆ ನಿಂತಿದ್ದ ಎಂಜಿನ್ನಿಗೆ ಕೆಲಸ, ಮೂಲೆಯಲ್ಲಿ ಬಿದ್ದಿದ್ದ ಗಾಡಿಗಳಿಗೆ ಬಾಡಿಗೆ. ಆದರೆ ವಿಹಾರದ ರೈಲು ವೇಳಾಪಟ್ಟಿಯ ಹೊರಗಿನದು ಎಂಬುದನ್ನು ಮರೆಯಬಾರದು. ಅದರ ಗಾಡಿಗಳನ್ನು ಎಲ್ಲೆಲ್ಲಿಂದಲೋ ಕೂಡಿಸಬೇಕು. ಡ್ರೈವರು ಬೇರೆ ಊರಿನವನಿರಬಹುದು. ಎಷ್ಟು ಮಂದಿ ಬರುತ್ತಾರೆಂಬುದು ಬಂದ ಮೇಲೆಯೇ ಗೊತ್ತಾಗತಕ್ಕದ್ದು. ದಿನನಿತ್ಯದ ಬಂಡಿ ರೂಢಿಯ ಬಲದಿಂದಲೂ ನಡೆಯುತ್ತದೆ. ಒಂದು ದಿನದ ಬಂಡಿಗೆ ಆ ಬಲವಿಲ್ಲ.

ಆರ್ಮಾ ಎಂಬುದು ಐರ್ಲೆಂಡಿನ ಉತ್ತರ ಭಾಗದ ಹಳೆಯ ನಗರ. ಸಂತ ಪ್ಯಾಟ್ರಿಕ್‌ನ ಹೆಸರಿನ ಎರಡು ದೊಡ್ಡ ದೇವಾಲಯಗಳು ಅಲ್ಲಿವೆ. ಒಂದು ರೋಮನ್ ಕ್ಯಾಥೊಲಿಕರದು, ಇನ್ನೊಂದು ಪ್ರಾಟೆಸ್ಟೆಂಟರದು. ಸಮುದ್ರ ಅಲ್ಲಿಗೆ ದೂರ. ಮೆಥಡಿಸ್ಟ್ ಪಂಥದವರು ನಡೆಸುತ್ತಿದ್ದ ಭಾನುವಾರದ ಧರ್ಮಪಾಠಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ ಸಮುದ್ರ ತೋರಿಸುವುದೆಂದರೆ ಇಡೀ ಊರಿಗೇ ಹಬ್ಬ. ಆ ವರ್ಷ ಗೊತ್ತುಮಾಡಿದ್ದು ವಾರನ್‌ಪಾಯಿಂಟ್ ಎಂಬ ಕಡಲ ದಂಡೆಯ ಊರನ್ನು. ರೈಲಿನಲ್ಲಿ ಸುಮಾರು ಇಪ್ಪತ್ತನಾಲ್ಕು ಮೈಲಿ. ದಿನ, ಜೂನ್ 12, ಬುಧವಾರ.

ಮಕ್ಕಳು ವಾದ್ಯದೊಡನೆ ಮೆರವಣಿಗೆಯಲ್ಲಿ ಸ್ಟೇಷನ್ನಿಗೆ ಬಂದರು. ಮಕ್ಕಳ ಜೊತೆಗೆ ತಾಯಿತಂದೆಗಳು, ತಾಯಿತಂದೆಗಳ ಜೊತೆಗೆ ನೆರೆಹೊರೆಯವರು. ಎಂಟುನೂರು ಜನಕ್ಕೆಂದು ಏರ್ಪಾಡಾಗಿದ್ದ ಬಂಡಿಗೆ ಸುಮಾರು ಒಂಬೈನೂರ ನಲವತ್ತು ಜನ ಸೇರಿದರು. ಬಂದವರನ್ನು ಬೇಡವೆನ್ನಲು ಯಾರಿಗೆ ಮನಸ್ಸು ಬಂದೀತು? ಡಂಡಾಕ್ ಎಂಬಲ್ಲಿಂದ ಹದಿಮೂರು ಗಾಡಿಗಳ ಲೆಕ್ಕಕ್ಕೆ ಒಂದು ಎಂಜಿನ್ನನ್ನು ಕಳುಹಿಸಿದ್ದರು. ಆರ್ಮಾದ ಸ್ಟೇಷನ್ ಮಾಸ್ತರರು ಇನ್ನೆರಡು ಗಾಡಿಗಳನ್ನು ಸೇರಿಸಲು ಹೇಳಿದರು. ಹದಿನೈದಾಯಿತು.

ಇಲ್ಲಿ ಡ್ರೈವರು ತಕರಾರು ತೆಗೆದ. ಅವನ ತಕರಾರನ್ನು ತಿಳಿಯಬೇಕಾದರೆ ಆ ದಾರಿಯನ್ನು ಸ್ವಲ್ಪ ತಿಳಿಯಬೇಕು. ಆರ್ಮಾ ಸ್ಟೇಷನ್ನನ್ನು ಬಿಟ್ಟೊಡನೆಯೇ ಏರು ಆರಂಭವಾಗುತ್ತಿತ್ತು. ಮೊದಲು 82 ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಮುಂದೆ 75 ಅಡಿಗೆ ಒಂದಡಿ. ಹೀಗೆ ಸುಮಾರು ಮೂರು ಮೈಲಿ. ನಮ್ಮ ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದ ದಾರಿಯಲ್ಲಿ 50ಕ್ಕೆ ಒಂದರ ಇಳಿಜಾರು. ಅದನ್ನು ನೋಡಿದವರಿಗೆ 75ಕ್ಕೆ ಒಂದು ದೊಡ್ಡದಲ್ಲವೆನಿಸೀತು. ಕಾಲುನಡಿಗೆಯವನಿಗೆ ಏರೆಂದೇ ತಿಳಿಯದು. ಆದರೆ ನುಣುಪಾದ ಕಬ್ಬಿಣದ ಮೇಲೆ ನುಣುಪಾದ ಕಬ್ಬಿಣ ಉರುಳುವ ರೈಲಿಗೆ ಅದು ಬೆಟ್ಟವೇ ಸರಿ.

ಎಂಜಿನ್ನಿನ ಉಗಿ ಎಷ್ಟೇ ಇರಲಿ, ಅದು ಹಳಿಗೆ ಮುಟ್ಟುವುದು ಚಾಲಕ ಚಕ್ರಗಳ ಮೂಲಕ. ಆ ಚಕ್ರಗಳ ಮೇಲೆ ಎಷ್ಟು ಭಾರ ಕುಳಿತಿದೆಯೋ ಅಷ್ಟೇ ಅವುಗಳ ಹಿಡಿತ. ಅದಕ್ಕೆ ಮೀರಿ ಎಳೆಯಲು ಹೋದರೆ ಚಕ್ರ ನಿಂತಲ್ಲೇ ಸುತ್ತುತ್ತದೆ, ಬಂಡಿ ಮುಂದೆ ಹೋಗುವುದಿಲ್ಲ. ಅಂದು ಬಂದಿದ್ದ ಎಂಜಿನ್ನಿಗೆ ಚಾಲಕ ಚಕ್ರಗಳು ನಾಲ್ಕು. ಇಷ್ಟು ಭಾರಕ್ಕೆ ಆರು ಚಾಲಕ ಚಕ್ರಗಳ ಎಂಜಿನ್ ಬೇಕು, ಮೊದಲೇ ಸರಿಯಾಗಿ ತಿಳಿಸಿದ್ದರೆ ಅದನ್ನೇ ತರುತ್ತಿದ್ದೆನಲ್ಲ ಎಂಬುದು ಡ್ರೈವರನ ವಾದ. ಇಲ್ಲಿಗೆ ಬಂದ ಡ್ರೈವರುಗಳು ಯಾರೂ ಹೀಗೆ ಗೊಣಗಿದ್ದಿಲ್ಲವೆಂದು ಸ್ಟೇಷನ್ ಮಾಸ್ತರರ ಮರುಮಾತು. ಪ್ಲಾಟ್‌ಫಾರಂನಲ್ಲಿ ಜನ ತುಂಬಿರುವಾಗ, ಹೊತ್ತು ಮೀರುತ್ತಿರುವಾಗ, ಇಬ್ಬರು ಅನುಭವಸ್ಥರ ನಡುವೆ ಇಂಥ ಮಾತು ಬಂದರೆ ಅದು ಕೊನೆಗೆ ಮಾನದ ಪ್ರಶ್ನೆಯಾಗಿ ನಿಲ್ಲುತ್ತದೆ. ಹಿಂದೆಯೇ ಹೊರಡಬೇಕಾಗಿದ್ದ ನಿತ್ಯದ ರೈಲಿನ ಎಂಜಿನ್ನಿನಿಂದ ಹಿಂದುಗಡೆ ತಳ್ಳಿಸುವ ಮಾತೂ ಬಂದಿತು. ಅದು ಕೈಗೂಡಲಿಲ್ಲ. ಡಂಡಾಕ್‌ನ ಸೂಪರಿಂಟೆಂಡೆಂಟರ ಕಚೇರಿಯ ಮುಖ್ಯ ಗುಮಾಸ್ತ ಮೇಲ್ವಿಚಾರಣೆಗೆಂದು ಎಂಜಿನ್ನನ್ನೇರಿದ್ದ. ಅವನೇ ಅಂದಿನ ಪ್ರಯಾಣದ ಯಜಮಾನ.

ಟಿಕೆಟು ನೋಡಿ ಮುಗಿಸಿದ ಮೇಲೆ, ಟಿಕೆಟಿಲ್ಲದವರು ನುಸುಳದಿರಲೆಂದು ಗಾಡಿಗಳ ಬಾಗಿಲುಗಳಿಗೆ ಬೀಗ ಹಾಕಿದರು. ಅದು ಆಗಿನ ಪದ್ಧತಿ. ಹತ್ತೂಕಾಲರ ಸುಮಾರಿಗೆ ಬಂಡಿ ಹೊರಟಿತು.

ಬಂಡಿ ಏರಿನಲ್ಲಿ ಮೆಲ್ಲಮೆಲ್ಲನೆ ಸಾಗಿ, ಇನ್ನೂ ಮೆಲ್ಲಗಾಗಿ, ನೆತ್ತಿಗೆ ನೂರಿನ್ನೂರು ಗಜ ಉಳಿದಿರುವಾಗ ನಿಂತುಬಿಟ್ಟಿತು. ಅಷ್ಟೇ ಆಗಿದ್ದರೆ ಕಥೆಯಿಲ್ಲ. ಏರಿನಲ್ಲಿ ಬಂಡಿ ನಿಲ್ಲುವುದು ಅಪರೂಪವೇನಲ್ಲ. ಬ್ರೇಕನ್ನು ಬಿಗಿಹಿಡಿದುಕೊಂಡು ಅಲ್ಲಿಯೇ ನಿಂತಿದ್ದು, ಹಿಂದಕ್ಕೆ ಒಬ್ಬನನ್ನು ಬಾವುಟ ಕೊಟ್ಟು ಓಡಿಸಿ, ಬರಲಿರುವ ರೈಲನ್ನು ತಡೆದು, ಅದರ ಎಂಜಿನ್ನಿನಿಂದ ಮೆಲ್ಲನೆ ತಳ್ಳಿಸಿಕೊಂಡಿದ್ದರೆ ಮುಗಿಯುತ್ತಿತ್ತು. ಮಕ್ಕಳು ಅರ್ಧ ಗಂಟೆ ತಡವಾಗಿ ಸಮುದ್ರ ನೋಡುತ್ತಿದ್ದರು.

ಮುಖ್ಯ ಗುಮಾಸ್ತನಿಗೆ ಬೇರೊಂದು ಯೋಚನೆ ಹೊಳೆಯಿತು. ಬಂಡಿಯನ್ನು ಎರಡು ತುಂಡು ಮಾಡುವುದು. ಮುಂದಿನ ಐದು ಗಾಡಿಗಳನ್ನು ಎಂಜಿನ್ ಎಳೆದುಕೊಂಡು ಹೋಗಿ ಮುಂದಿನ ಸ್ಟೇಷನ್ನಿನಲ್ಲಿ ಬಿಟ್ಟು, ಮರಳಿ ಬಂದು ಉಳಿದ ಹತ್ತನ್ನು ಒಯ್ಯುವುದು. ನಮ್ಮ ಹಳ್ಳಿಯ ಗಾಡಿ ಹೊಡೆಯುವವನೂ ಏರಿನಲ್ಲಿ ಎತ್ತು ಸೋತರೆ ಅರ್ಧ ಹೇರನ್ನು ಇಳಿಸಿ ಎರಡು ಸಲ ಹೊಡೆಯುತ್ತಾನೆ. ಆದ್ದರಿಂದ ಯೋಚನೆಯನ್ನು ಹುಚ್ಚೆನ್ನಲಾಗದು. ಅದು ಹೇಗೆ ಮೃತ್ಯುವಾಯಿತೆಂದು ತಿಳಿಯಬೇಕಾದರೆ ಆ ಬಂಡಿಯ ಬ್ರೇಕು ಎಂಥದೆಂದು ನೋಡಬೇಕು.

ರೈಲು ಹುಟ್ಟಿದ ಕಾಲದಲ್ಲಿ ಬ್ರೇಕು ಇದ್ದದ್ದು ಎಂಜಿನ್ನಿನ ಹಿಂದಿನ ಕಲ್ಲಿದ್ದಲ ಗಾಡಿಗೆ ಮತ್ತು ಗಾರ್ಡಿನ ಗಾಡಿಗೆ ಮಾತ್ರ. ಡ್ರೈವರು ಸೀಟಿ ಊದಿದರೆ ಗಾರ್ಡು ಹಿಡಿಯನ್ನು ತಿರುಗಿಸಿ ಬಿಗಿಯಬೇಕು. ನಡುವಿನ ಗಾಡಿಗಳೆಲ್ಲ ಸುಮ್ಮನೆ ಉರುಳತಕ್ಕವು. ಬಂಡಿಗಳ ವೇಗವೂ ಭಾರವೂ ಹೆಚ್ಚಿದಂತೆ ಇದು ಸಾಲದಾಯಿತು. ಎಲ್ಲ ಗಾಡಿಗಳಿಗೂ ಒಂದು ಕೊಳವೆಯನ್ನು ಜೋಡಿಸಿ, ಡ್ರೈವರು ಒಂದು ಹಿಡಿ ತಿರುಗಿಸಿದರೆ ಎಲ್ಲ ಚಕ್ರಗಳೂ ಒಮ್ಮೆಗೇ ಬಿಗಿಯುವಂತೆ ಮಾಡಿದರು. 1875ರಲ್ಲಿ ಇಂಗ್ಲೆಂಡಿನ ನ್ಯೂಆರ್ಕ್ ಎಂಬಲ್ಲಿ ಹಲವು ಬಗೆಯ ಬ್ರೇಕುಗಳನ್ನು ಒಂದರ ಪಕ್ಕದಲ್ಲೊಂದು ಪರೀಕ್ಷಿಸಿ ನೋಡಿದ್ದೂ ಆಯಿತು.

ಇವುಗಳಲ್ಲಿ ಎರಡು ಜಾತಿ. ಒಂದರಲ್ಲಿ, ಬಂಡಿ ಓಡುತ್ತಿರುವಾಗ ಕೊಳವೆ ಸುಮ್ಮನಿರುತ್ತದೆ. ನಿಲ್ಲಿಸಬೇಕಾದಾಗ ಎಂಜಿನ್ ಕೊಳವೆಯೊಳಗಿನ ಗಾಳಿಯನ್ನು ಹೀರಿ ನಿರ್ವಾತ ಮಾಡುತ್ತದೆ, ಆಗ ಬ್ರೇಕು ಹಿಡಿಯುತ್ತದೆ. ಎರಡನೆಯ ಜಾತಿಯಲ್ಲಿ ಇದೇ ತಿರುಗುಮುರುಗು. ಬಂಡಿ ಓಡುತ್ತಿರುವಾಗಲೆಲ್ಲ ಕೊಳವೆಯಲ್ಲಿ ನಿರ್ವಾತವಿರಬೇಕು. ಆ ನಿರ್ವಾತವೇ ಬ್ರೇಕನ್ನು ಬಿಡಿಸಿ ಹಿಡಿದಿರುತ್ತದೆ. ಕೊಳವೆಯೊಳಗೆ ಗಾಳಿ ನುಗ್ಗಿದರೆ ಬ್ರೇಕು ತಾನಾಗಿ ಬಿದ್ದು ಬಂಡಿ ನಿಲ್ಲುತ್ತದೆ. ಮೊದಲನೆಯದು ಬಾಗಿಲು ಹಾಕಲು ಕಾವಲುಗಾರನನ್ನು ಎಬ್ಬಿಸಬೇಕಾದ ಮನೆಯಂತೆ. ಎರಡನೆಯದು, ತಾನೇ ಮುಚ್ಚಿಕೊಳ್ಳುವಂತೆ ಕಲ್ಲಿನ ಭಾರ ಕಟ್ಟಿದ ತೋಟದ ಗೇಟಿನಂತೆ. ಯಾರಾದರೂ ಹಿಡಿದುಕೊಂಡಿರುವ ತನಕ ಮಾತ್ರ ಅದು ತೆರೆದಿರುತ್ತದೆ.

ಎಲ್ಲವೂ ಸರಿಯಾಗಿರುವಾಗ ಈ ಎರಡಕ್ಕೂ ವ್ಯತ್ಯಾಸ ಕಾಣದು. ವ್ಯತ್ಯಾಸ ಕಾಣುವುದು ಬಂಡಿ ತುಂಡಾದಾಗ. ಮೊದಲನೆಯ ಜಾತಿಯದರಲ್ಲಿ ಕೊಳವೆ ಕಡಿದರೆ ಬ್ರೇಕೇ ಇಲ್ಲ. ಎರಡನೆಯದರಲ್ಲಿ ಕೊಳವೆ ಕಡಿದುದೇ ಬ್ರೇಕು.

ಸರ್ಕಾರದ ರೈಲ್ವೆ ತನಿಖಾಧಿಕಾರಿಗಳು ಎರಡನೆಯ ಜಾತಿಯದನ್ನೇ, ಅಂದರೆ ಸ್ವಯಂಚಾಲಿತ ಬ್ರೇಕನ್ನೇ, ಹಾಕಿರೆಂದು ವರ್ಷಗಟ್ಟಲೆ ಹೇಳುತ್ತ ಬಂದಿದ್ದರು. ಹೇಳಬಹುದಾಗಿತ್ತಷ್ಟೆ, ಹಾಕಿಸುವ ಅಧಿಕಾರ ಅವರಿಗಿರಲಿಲ್ಲ. ಯಾವ ಕಂಪೆನಿ ಎಂಥ ಬ್ರೇಕು ಹಾಕಿದೆಯೆಂಬ ವರದಿಯನ್ನು ಒಪ್ಪಿಸಬೇಕೆಂದು 1878ರಲ್ಲಿ ಕಾನೂನಾಯಿತು. ವರದಿಗಳು ಬಂದವು, ಮುದ್ರಣವಾದವು. ಕೆಲವು ಕಂಪೆನಿಗಳು ಒಳ್ಳೆಯ ಬ್ರೇಕನ್ನು ತಾವಾಗಿ ಹಾಕಿಕೊಂಡವು. ಉಳಿದವು ಸರಳವಾದದ್ದೇ ಸಾಕೆಂದವು. ಅದರ ಬೆಲೆ ಕಡಮೆ, ರಿಪೇರಿ ಸುಲಭ. ಸ್ವಯಂಚಾಲಿತ ಬ್ರೇಕಿನ ಮೇಲೆ ಅವರಿಗಿದ್ದ ಇನ್ನೊಂದು ದೂರು ಕೇಳತಕ್ಕದ್ದು: ಕೊಳವೆಯಲ್ಲಿ ಎಲ್ಲಿಯಾದರೂ ಸಣ್ಣ ತೂತು ಬಿದ್ದರೂ ಬಂಡಿ ದಾರಿಯಲ್ಲೇ ನಿಂತುಹೋಗುತ್ತದಂತೆ! ಅದರ ಗುಣವನ್ನೇ ಅವರು ಅವಗುಣವೆಂದು ಎಣಿಸಿದ್ದರು.

ಆರ್ಮಾದಿಂದ ಹೊರಟ ಬಂಡಿಗೆ ಇದ್ದದ್ದು ಸರಳ ಬ್ರೇಕು.

ಐದನೆಯ ಗಾಡಿಗೂ ಆರನೆಯ ಗಾಡಿಗೂ ನಡುವೆ ಕೊಂಡಿ ಬಿಚ್ಚಬೇಕಾಗಿತ್ತು. ಕೊಳವೆಯನ್ನು ಬಿಚ್ಚಿದೊಡನೆ ಹಿಂದಿನ ಹತ್ತು ಗಾಡಿಗಳಲ್ಲಿ ಬ್ರೇಕು ಸಡಿಲಿತು. ಇನ್ನು ಅವನ್ನು ಹಿಡಿದು ನಿಲ್ಲಿಸಿದ್ದು ಕೊನೆಯ ಗಾಡಿಯಲ್ಲಿ ಗಾರ್ಡು ತಿರುಗಿಸಿ ಬಿಗಿದ ಕೈ ಬ್ರೇಕು, ಮತ್ತು ಚಕ್ರಗಳಿಗೆ ಕೊಟ್ಟಿದ್ದ ಒಂದಿಷ್ಟು ಕಲ್ಲು. ಕಲ್ಲು ಕೊಟ್ಟದ್ದು ಹಳಿಯ ಪಕ್ಕದಲ್ಲಿ ಸಿಕ್ಕಿದ ಜಲ್ಲಿಯಿಂದ. ಹತ್ತು ಗಾಡಿಗಳಲ್ಲೂ ಬೀಗ ಹಾಕಿದ ಬಾಗಿಲುಗಳ ಹಿಂದೆ ಜನ. ಮಕ್ಕಳು ಇಷ್ಟು ಹೊತ್ತು ಯಾಕೆ ನಿಂತಿತೆಂದು ಕಿಟಕಿಗಳಿಂದ ಇಣುಕುತ್ತಿದ್ದಿರಬೇಕು.

ಏರಿನಲ್ಲಿ ನಿಂತ ಬಂಡಿಯನ್ನು ಮತ್ತೆ ಹೊರಡಿಸುವಾಗ, ಬ್ರೇಕು ಬಿಡಿಸಿದ್ದಕ್ಕೂ ಉಗಿ ಹಿಡಿಯುವುದಕ್ಕೂ ನಡುವೆ ಒಂದು ಕ್ಷಣವಿದೆ. ಆ ಕ್ಷಣದಲ್ಲಿ ಅದು ಒಂದಿಷ್ಟು ಹಿಂದೆ ಸರಿಯುವುದುಂಟು. ಅಂದೂ ಹಾಗೆಯೇ ಆಯಿತು. ಎಂಜಿನ್ನೂ ಐದು ಗಾಡಿಗಳೂ ಹಿಂದೆ ಸರಿದದ್ದು ಒಂದೆರಡು ಅಡಿ ಇದ್ದೀತು. ಹಿಂದೆ ನಿಂತಿದ್ದ ಗಾಡಿಗಳಿಗೆ ಮೆತ್ತಗೆ ತಾಗಿತು. ಚಕ್ರಗಳು ಕಲ್ಲುಗಳನ್ನು ಅರೆದು ದಾಟಿದವು. ಕೊಂಡಿಗಳ ಸಡಿಲವೆಲ್ಲ ಕೂಡಿ, ಮುಂದಿನ ಗಾಡಿಗಳ ಭಾರವೆಲ್ಲ ಕೊನೆಯ ಗಾಡಿಯ ಆ ಒಂದು ಕೈ ಬ್ರೇಕಿನ ಮೇಲೆ ಬಂದು ಕುಳಿತಿತು. ಗಾರ್ಡು ಹಿಡಿಯನ್ನು ಇನ್ನೊಂದು ಸುತ್ತು ತಿರುಗಿಸಲು ಹೆಣಗಿದ. ಹತ್ತು ಗಾಡಿಗಳು ಬಂದ ದಾರಿಯಲ್ಲೇ ಇಳಿಯತೊಡಗಿದವು.

ಮುಂದಿನ ತುಂಡಿನವರು ಎಂಜಿನ್ನನ್ನು ಹಿಂದಕ್ಕೆ ಬಿಟ್ಟು, ಓಡಿಹೋಗುತ್ತಿದ್ದ ಗಾಡಿಗಳನ್ನು ಮತ್ತೆ ಕೊಂಡಿಗೆ ಸಿಕ್ಕಿಸಲು ನೋಡಿದರು. ಆಗಲಿಲ್ಲ. ಇಳಿಜಾರು ಉದ್ದವಾಗಿತ್ತು, ಪ್ರತಿ ಗಜಕ್ಕೂ ವೇಗ ಏರುತ್ತಿತ್ತು. ಕೆಲವರು ಕಿಟಕಿಗಳಿಂದ ಧುಮುಕಿದರು, ಕೆಲವರು ಮಕ್ಕಳನ್ನು ಹೊರಕ್ಕೆ ಹಾಕಿದರು. ಬೀಗ ಹಾಕಿದ ಗಾಡಿಯಲ್ಲಿ ಎಷ್ಟು ಮಂದಿಗೆ ಅದು ಸಾಧ್ಯವಾದೀತು?

ಹಳಿ ಖಾಲಿಯಾಗಿದ್ದರೆ ಗಾಡಿಗಳು ಆರ್ಮಾ ಸ್ಟೇಷನ್ನಿನವರೆಗೆ ಹೋಗಿ ಏನಾಗುತ್ತಿದ್ದುವೋ ತಿಳಿಯದು. ಹಳಿ ಖಾಲಿಯಾಗಿರಲಿಲ್ಲ. ನಿತ್ಯದ ರೈಲು ಅದರ ಹೊತ್ತಿಗೆ ಆರ್ಮಾವನ್ನು ಬಿಟ್ಟು ಅದೇ ಏರನ್ನು ಹತ್ತುತ್ತಿತ್ತು. ಅದನ್ನು ಬಿಟ್ಟವರು ನಿಯಮ ಮೀರಿದವರಲ್ಲ. ಆ ದಾರಿಯಲ್ಲಿ ಇದ್ದ ನಿಯಮ ಗಡಿಯಾರದ್ದು: ಮುಂದಿನ ಬಂಡಿ ಹೊರಟು ಇಷ್ಟು ನಿಮಿಷವಾದ ಮೇಲೆ ಹಿಂದಿನದನ್ನು ಬಿಡಬಹುದು. ಅಂದು ಇಪ್ಪತ್ತು ನಿಮಿಷ ಕಳೆದಿತ್ತು. ಆದರೆ ಇಪ್ಪತ್ತು ನಿಮಿಷವಾಯಿತೆಂಬುದು ಗಡಿಯಾರಕ್ಕೆ ಗೊತ್ತು, ಮುಂದಿನ ಬಂಡಿ ಎಲ್ಲಿದೆಯೆಂಬುದು ಗಡಿಯಾರಕ್ಕೆ ಗೊತ್ತಿಲ್ಲ. ಮುಂದಿನ ಸ್ಟೇಷನ್ನಿನವರು ತಂತಿಯ ಮೂಲಕ ಬಂಡಿ ಬಂದು ಮುಟ್ಟಿತೆಂದು ಹೇಳಿದ ಮೇಲೆಯೇ ಎರಡನೆಯದನ್ನು ಬಿಡಬೇಕೆಂಬ ಪದ್ಧತಿ ಇಂಗ್ಲೆಂಡಿನ ಬಹುಪಾಲು ದಾರಿಗಳಲ್ಲಿ ಆ ವೇಳೆಗೆ ಬಂದಿತ್ತು. ಐರ್ಲೆಂಡಿನ ಈ ಒಂಟಿ ದಾರಿಗೆ ಅದು ಇನ್ನೂ ಬಂದಿರಲಿಲ್ಲ.

ಎರಡನೆಯ ರೈಲಿನ ಡ್ರೈವರು ಎದುರಿಗೆ ಇಳಿದುಬರುತ್ತಿದ್ದ ಗಾಡಿಗಳನ್ನು ಕಂಡು ಬ್ರೇಕು ಹಾಕಿದ. ಅವನ ಬಂಡಿ ಮನುಷ್ಯ ನಡೆಯುವ ವೇಗಕ್ಕೆ ಇಳಿದಿತ್ತು. ಎದುರಿನದು ಒಂದೂವರೆ ಮೈಲಿ ಉರುಳಿ, ಗಂಟೆಗೆ ಸುಮಾರು ನಲವತ್ತು ಮೈಲಿ ವೇಗದಲ್ಲಿತ್ತು. ಎತ್ತರವಾದ ಮಣ್ಣಿನ ಏರಿಯ ಮೇಲೆ ಎರಡೂ ತಾಗಿದವು. ಮರದ ಗಾಡಿಗಳು, ಕೊನೆಯವು ಪುಡಿಪುಡಿಯಾಗಿ ಏರಿಯ ಎರಡು ಮಗ್ಗುಲಿಗೂ ಚೆಲ್ಲಿದವು. ಎರಡನೆಯ ರೈಲಿನ ಎಂಜಿನ್ ಮಗುಚಿಕೊಂಡಿತು, ಅದರ ಗಾಡಿಗಳೂ ಕೊಂಡಿ ಕಡಿದು ಆರ್ಮಾದ ಕಡೆಗೆ ಉರುಳತೊಡಗಿದವು. ಅವನ್ನು ಕೈ ಬ್ರೇಕಿನಿಂದ ನಿಲ್ಲಿಸಿದ್ದರಿಂದ ಮೂರನೆಯ ಅನಾಹುತವೊಂದು ತಪ್ಪಿತು.

ಸತ್ತವರು 80 ಮಂದಿ. ಇನ್ನೂ ಹೆಚ್ಚೆಂದು ಹೇಳುವ ಲೆಕ್ಕಗಳೂ ಉಂಟು. ಗಾಯಗೊಂಡವರು ಸುಮಾರು 260. ಸತ್ತವರಲ್ಲಿ ಮೂರರಲ್ಲೊಂದು ಪಾಲು ಮಕ್ಕಳು. ಬ್ರಿಟನ್ನಿನ ರೈಲುಗಳಲ್ಲಿ ಅದುವರೆಗೆ ಇಷ್ಟು ದೊಡ್ಡ ದುರಂತ ನಡೆದಿರಲಿಲ್ಲ. ಐರ್ಲೆಂಡಿನಲ್ಲಿ ಅಂದಿನಿಂದ ಇಂದಿನವರೆಗೂ ನಡೆದಿಲ್ಲ. ಆರ್ಮಾ ಸಣ್ಣ ಊರು. ಬೆಳಗ್ಗೆ ವಾದ್ಯದ ಹಿಂದೆ ಮಕ್ಕಳು ನಡೆದುಹೋದ ಬೀದಿಗಳಲ್ಲಿಯೇ ಮರುದಿನದಿಂದ ಶವಯಾತ್ರೆಗಳು ಹೊರಟವು.

ವಿಚಾರಣೆಗೆ ಬಂದವರು ಸರ್ಕಾರದ ರೈಲ್ವೆ ತನಿಖಾಧಿಕಾರಿ ಮೇಜರ್ ಜನರಲ್ ಹಚಿನ್ಸನ್. ಬಂಡಿಯನ್ನು ತುಂಡುಮಾಡಿದ್ದೇ ಮುಖ್ಯವಾದ ತಪ್ಪೆಂದು ಅವರು ತೀರ್ಮಾನಿಸಿದರು. ಎರಡನೆಯ ರೈಲಿನ ನೆರವಿಗೆ ಕಾದಿರಬೇಕಾಗಿತ್ತು. ಅದರ ಜೊತೆಗೇ, ಸ್ವಯಂಚಾಲಿತ ಬ್ರೇಕು ಇದ್ದಿದ್ದರೆ ಈ ದುರಂತ ಆಗುತ್ತಿರಲಿಲ್ಲವೆಂದೂ ಹೇಳಿದರು. ಮುಖ್ಯ ಗುಮಾಸ್ತನ ಮೇಲೆ ನರಹತ್ಯೆಯ ಮೊಕದ್ದಮೆ ನಡೆಯಿತು. ಮೊದಲ ಸಲ ಪಂಚರು ಒಮ್ಮತಕ್ಕೆ ಬರಲಿಲ್ಲ. ಎರಡನೆಯ ಸಲ ಅವನನ್ನು ಬಿಡುಗಡೆ ಮಾಡಿದರು.

ಆ ಪಂಚರ ಮನಸ್ಸನ್ನು ನಾವು ಊಹಿಸಬಹುದು. ಆ ಬೆಳಗ್ಗೆ ನಡೆದದ್ದನ್ನು ಒಂದೊಂದಾಗಿ ತೆಗೆದು ನೋಡಿದರೆ ದುಷ್ಟತನವೆಂಬುದು ಎಲ್ಲಿಯೂ ಸಿಕ್ಕುವುದಿಲ್ಲ. ಹೆಚ್ಚು ಮಕ್ಕಳು ಬಂದರು, ಗಾಡಿ ಸೇರಿಸಿದರು. ಡ್ರೈವರು ಬೇಡವೆಂದ, ಆಮೇಲೆ ಮುಖಭಂಗವಾಗಿ ಸುಮ್ಮನಾದ. ಗಡಿಯಾರ ನೋಡಿ ರೈಲು ಬಿಟ್ಟರು. ಬೀಗ ಹಾಕಿದರು. ಕಲ್ಲು ಕೊಟ್ಟರು. ಯಾರು ಬೇಕಾದರೂ ಮಾಡಬಹುದಾದ ತಪ್ಪುಗಳು ಇವು. ಮನುಷ್ಯರು ಮುಂದೆಯೂ ಇಂಥ ತಪ್ಪು ಮಾಡುವವರೇ. ಅವರು ತಪ್ಪಿದಾಗಲೂ ಬಂಡಿ ತಾನಾಗಿ ನಿಲ್ಲುವಂಥ ಉಪಾಯ ಹದಿನೈದು ವರ್ಷಗಳಿಂದ ಕೈಗೆಟುಕುವ ಹಾಗೆ ಇದ್ದೂ, ಬೆಲೆ ಹೆಚ್ಚೆಂದು ಅದನ್ನು ದೂರವಿಟ್ಟವರ ಮೇಲೆ ಮೊಕದ್ದಮೆ ನಡೆಯಲಿಲ್ಲ. ನನ್ನ ಮಟ್ಟಿಗೆ ಈ ಕಥೆಯ ಮುಖ್ಯವಾದ ಸಂಗತಿ ಇದು.

ಆದರೆ ಪಾರ್ಲಿಮೆಂಟು ಈ ಸಲ ಸುಮ್ಮನಿರಲಿಲ್ಲ. ವ್ಯಾಪಾರ ಮಂಡಲಿಯ ಅಧ್ಯಕ್ಷರಾಗಿದ್ದ ಸರ್ ಮೈಕೇಲ್ ಹಿಕ್ಸ್ ಬೀಚ್ ಅವರು ಮಸೂದೆಯನ್ನು ತಂದರು. ಜೂನ್ 12ರಂದು ದುರಂತ. ಆಗಸ್ಟ್ 30ರಂದು ಕಾನೂನಿಗೆ ಅಂಕಿತ ಬಿದ್ದಿತು. ಎರಡೂವರೆ ತಿಂಗಳು. ಅದಕ್ಕೆ ಮುಂಚೆ ಖಾಸಗಿ ಕಂಪೆನಿಗಳ ವ್ಯವಹಾರದಲ್ಲಿ ಸರ್ಕಾರ ಕೈಹಾಕಬಾರದೆಂದು ವಾದಿಸುತ್ತ ದಶಕಗಳೇ ಕಳೆದಿದ್ದುವೆಂಬುದನ್ನು ನೆನೆದರೆ ಇದರ ವೇಗ ತಿಳಿಯುತ್ತದೆ. ಪ್ರಯಾಣಿಕರ ಬಂಡಿಗಳಿಗೆಲ್ಲ ಸ್ವಯಂಚಾಲಿತ ಬ್ರೇಕು. ಎರಡು ಸ್ಟೇಷನ್ನುಗಳ ನಡುವಿನ ಹಳಿಯಲ್ಲಿ ಒಂದು ಹೊತ್ತಿಗೆ ಒಂದೇ ರೈಲು. ಹಳಿ ಕೂಡುವ ಕಡೆಗಳಲ್ಲಿ ಹಳಿಯೂ ಸಿಗ್ನಲ್ಲೂ ಒಂದಕ್ಕೊಂದು ವಿರುದ್ಧವಾಗಿ ನಿಲ್ಲದಂತೆ ಕೀಲು. ಇವುಗಳನ್ನು ಮಾಡಿರೆಂದು ಇನ್ನು ಬುದ್ಧಿ ಹೇಳಬೇಕಾಗಿರಲಿಲ್ಲ, ಅಪ್ಪಣೆ ಮಾಡಬಹುದಾಗಿತ್ತು.

ನಮ್ಮ ನಾಡಿನ ರೈಲಿನಲ್ಲಿ ಪ್ರಯಾಣ ಮಾಡಿದವರಿಗೆ ಇವೆರಡೂ ಪರಿಚಿತವೇ. ಹೆಸರು ತಿಳಿದಿರಲಾರದು, ಅಷ್ಟೆ. ಒಂಟಿ ದಾರಿಯ ಸ್ಟೇಷನ್ನುಗಳಲ್ಲಿ ಪೋರ್ಟರನೊಬ್ಬ ದೊಡ್ಡದೊಂದು ಬಿದಿರಿನ ಬಳೆಯನ್ನು ಎತ್ತಿ ಹಿಡಿದು ನಿಂತಿರುತ್ತಿದ್ದುದನ್ನೂ, ಓಡುವ ಎಂಜಿನ್ನಿನಿಂದ ತೋಳು ಚಾಚಿ ಅದನ್ನು ಸಿಕ್ಕಿಸಿಕೊಳ್ಳುತ್ತಿದ್ದುದನ್ನೂ ಹಳಬರು ನೋಡಿದ್ದಾರೆ. ಆ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಒಂದು ಲೋಹದ ಗುಂಡು ಇರುತ್ತಿತ್ತು. ಮುಂದಿನ ಸ್ಟೇಷನ್ನಿನವರು ಒಪ್ಪಿ ವಿದ್ಯುತ್ತಿನ ಮೂಲಕ ಸನ್ನೆ ಕೊಟ್ಟಲ್ಲದೆ ಆ ಗುಂಡು ಯಂತ್ರದಿಂದ ಹೊರಕ್ಕೆ ಬರುತ್ತಿರಲಿಲ್ಲ. ಗುಂಡು ಕೈಯಲ್ಲಿಲ್ಲದೆ ಡ್ರೈವರು ಹೊರಡುವಂತಿರಲಿಲ್ಲ. ಗಡಿಯಾರದ ಮಾತಿಗೆ ಬೆಲೆಯಿಲ್ಲ. ಅದನ್ನು ನಾವು ಹುಡುಗರಾಗಿದ್ದಾಗ ಸರ್ಕಸ್ಸಿನಂತೆ ನೋಡುತ್ತಿದ್ದೆವು.

ಇನ್ನು ಸರಪಣಿ. ಅದನ್ನು ಎಳೆದರೆ ಡ್ರೈವರಿಗೆ ಗಂಟೆ ಬಾರಿಸಿ, ಅವನು ನಿಲ್ಲಿಸುತ್ತಾನೆಂದು ಬಹಳ ಮಂದಿ ತಿಳಿದಿರುವುದುಂಟು. ಹಾಗಲ್ಲ. ನಿರ್ವಾತದ ಬ್ರೇಕಿದ್ದ ಕಾಲದಲ್ಲಿ ಸರಪಣಿ ಎಳೆದರೆ ಕೊಳವೆಯ ಒಂದು ಬಾಯಿ ತೆರೆದು, ಬುಸ್ಸೆಂದು ಗಾಳಿ ಒಳಕ್ಕೆ ನುಗ್ಗುತ್ತಿತ್ತು. ಬ್ರೇಕು ತಾನಾಗಿ ಹಿಡಿಯತೊಡಗುತ್ತಿತ್ತು. ಇಂದಿನ ಬಂಡಿಗಳಲ್ಲಿ ನಿರ್ವಾತಕ್ಕೆ ಬದಲಾಗಿ ಒತ್ತಿ ತುಂಬಿದ ಗಾಳಿ ಬಂದಿದೆ. ಈಗ ಗಾಳಿ ಒಳಕ್ಕೆ ನುಗ್ಗುವುದಿಲ್ಲ, ಹೊರಕ್ಕೆ ಹೋಗುತ್ತದೆ. ನಿಯಮ ಅದೇ. ಕೊಂಡಿ ಕಡಿದು ಬಂಡಿ ಎರಡಾದರೆ ಎರಡು ತುಂಡುಗಳೂ ನಿಲ್ಲುತ್ತವೆ. ಹಾಗೆಂದು ಏರಿನಲ್ಲಿ ನಿಲ್ಲಿಸಿದ ಗಾಡಿಯನ್ನು ಅದರ ಪಾಡಿಗೆ ಬಿಟ್ಟುಹೋಗುವಂತಿಲ್ಲ. ಹೊತ್ತು ಕಳೆದಂತೆ ಆ ಬ್ರೇಕೂ ಸಡಿಲಗೊಳ್ಳುತ್ತದೆ. ಕೈ ಬ್ರೇಕು ಬಿಗಿದು ಚಕ್ರಕ್ಕೆ ಮರದ ಬೆಣೆ ಕೊಡಲೇಬೇಕು. ಆದರೆ ಆರ್ಮಾದ ಆ ಬೆಳಗ್ಗೆ ಬೇಕಾಗಿದ್ದುದು ಬಹಳ ಹೊತ್ತಲ್ಲ, ಹತ್ತೋ ಇಪ್ಪತ್ತೋ ನಿಮಿಷ.

ಆರ್ಮಾದ ಆ ದಾರಿಯಲ್ಲಿ ಪ್ರಯಾಣಿಕರ ರೈಲು 1933ರಲ್ಲಿ ನಿಂತಿತು. 1957ರಲ್ಲಿ ಆರ್ಮಾ ಸ್ಟೇಷನ್ನೇ ಮುಚ್ಚಿತು. ವಾರನ್‌ಪಾಯಿಂಟಿನ ಸ್ಟೇಷನ್ 1965ರವರೆಗೆ ಉಳಿದಿತ್ತು. ದುರಂತ ನಡೆದು 125 ವರ್ಷಗಳಾದಾಗ, 2014ರಲ್ಲಿ, ಆರ್ಮಾದ ಊರ ನಡುವಿನ ಮೈದಾನದಲ್ಲಿ ಒಂದು ಕಂಚಿನ ವಿಗ್ರಹವನ್ನು ನಿಲ್ಲಿಸಿದರು. ಅದರಲ್ಲಿ ರೈಲೂ ಇಲ್ಲ, ಎಂಜಿನ್ನೂ ಇಲ್ಲ. ಒಬ್ಬ ಹುಡುಗಿ, ಕೈಯಲ್ಲಿ ಸಮುದ್ರದ ಮರಳಲ್ಲಿ ಆಡಲು ಒಂದು ಸಣ್ಣ ಬಕೀಟು.